ಗಡಿಗಳೇ ಇಲ್ಲದ ಮ್ಯಾಗ್ನೆಟ್ ಇನ್ನೂ ಬಲಶಾಲಿಯೇ?

ಪ್ರಶ್ನೆ: ನಿಯೋಡಿಮಿಯಂ ಮ್ಯಾಗ್ನೆಟ್ಟಿನ (ನಿಯೋಡಿಮಿಯಂ ಎಂಬ ಲೋಹವನ್ನು ಕಬ್ಬಿಣದ ಜೊತೆ ಬೆರೆಸಿ ಮಾಡಿದ್ದು) ತುಂಬ ಸಣ್ಣ ಸಣ್ಣ ಹರಳುಗಳಿವೆಯಂತೆ. ಅವುಗಳ ನಡುವಿನ ಗಡಿ, ಅಂದರೆ ಗ್ರೇನ್ ಬೌಂಡರಿ, ಒಂದು ದೋಷ ತಾನೇ? ಇಡೀ ಮ್ಯಾಗ್ನೆಟ್ ಒಂದೇ ಹರಳಾಗಿದ್ದರೆ ಶಕ್ತಿ ಜಾಸ್ತಿ ಇರುವುದಿಲ್ಲವೇ?

ಉತ್ತರ: ಇಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಇನ್ನೊಮ್ಮೆ ಹೇಳುತ್ತೇನೆ.

ಮ್ಯಾಗ್ನೆಟ್ಟಿನ ಶಕ್ತಿ ಎಂದರೆ ಎರಡು ಸಂಗತಿ. ಎಷ್ಟು ಜೋರಾಗಿ ಎಳೆಯುತ್ತದೆ ಎನ್ನುವುದು ಒಂದು. ಬಿಸಿಯಾದರೂ, ಎದುರಿನಿಂದ ಇನ್ನೊಂದು ಕಾಂತಕ್ಷೇತ್ರ ಒತ್ತಿದರೂ ತನ್ನ ಕಾಂತಗುಣದ ದಿಕ್ಕು ಬಿಡದೆ ಇರುತ್ತದೆಯೇ ಎನ್ನುವುದು ಇನ್ನೊಂದು. ಈ ಎರಡನೆಯದಕ್ಕೆ ಕೊಯರ್ಸಿವಿಟಿ ಎಂದು ಹೆಸರು. ಎಲೆಕ್ಟ್ರಿಕ್ ಸ್ಕೂಟರ್ ಮೋಟರಿನೊಳಗೆ ಇದಿಲ್ಲದೆ ಕೆಲಸ ನಡೆಯದು.

ಒಂದೇ ದೊಡ್ಡ ಹರಳು ಚೆನ್ನಾಗಿಯೇ ಎಳೆಯುತ್ತದೆ. ಆದರೆ ಅದರ ಒಂದು ಮೂಲೆಯಲ್ಲಿ ದಿಕ್ಕು ತಿರುಗಿತೋ, ತಡೆಯುವವರೇ ಇಲ್ಲ, ಈ ಕೊನೆಯಿಂದ ಆ ಕೊನೆಗೆ ಹರಡಿಬಿಡುತ್ತದೆ. ಬದುವಿಲ್ಲದ ಗದ್ದೆಗೆ ನೀರು ನುಗ್ಗಿದ ಹಾಗೆ. ಮಾಮೂಲಿ ಮ್ಯಾಗ್ನೆಟ್ಟಿನಲ್ಲಿ ಹರಳುಗಳ ಗಾತ್ರ ಸುಮಾರು 5 ಮೈಕ್ರೋಮೀಟರ್. ನಡುವೆ ನಿಯೋಡಿಮಿಯಂ ಜಾಸ್ತಿ ಇರುವ, ಕೆಲವೇ ನ್ಯಾನೋಮೀಟರ್ ದಪ್ಪದ ಪದರ. ಅದೇ ಬದು. ಆ ಪದರದಲ್ಲಿ ಕಬ್ಬಿಣ ಹೆಚ್ಚಾದರೆ ಅದಕ್ಕೂ ಕಾಂತಗುಣ ಬರುತ್ತದೆ, ಆಗ ಬದುವಿನಲ್ಲಿ ಏಡಿ ತೂತು ಕೊರೆದಂತೆ.

ಇನ್ನೂ ನಂಬಿಕೆ ಬರಲಿಲ್ಲವೇ? ಕಾರ್ಖಾನೆಯವರು ಪುಡಿಯನ್ನು 1000 ಡಿಗ್ರಿಗೂ ಮೇಲೆ ಕಾಯಿಸಿ ಗಟ್ಟಿ ಮಾಡುತ್ತಾರೆ. ಆಮೇಲೆ 500–600 ಡಿಗ್ರಿಯಲ್ಲಿ ಮತ್ತೊಮ್ಮೆ ಕಾಯಿಸುತ್ತಾರೆ. ಅಷ್ಟು ಬಿಸಿಗೆ ಹರಳುಗಳು ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ಗಡಿಯ ವಸ್ತು ಮಾತ್ರ, ಅದರಲ್ಲಿ ಸೇರಿಸಿದ ಚೂರು ತಾಮ್ರದ ನೆರವಿನಿಂದ, ಕರಗಿ ಎಲ್ಲ ಕಡೆ ಹರಡಿಕೊಳ್ಳುತ್ತದೆ. ಅಷ್ಟಕ್ಕೇ ಕೊಯರ್ಸಿವಿಟಿ ಏರುತ್ತದೆ. ದೋಷವಾಗಿದ್ದರೆ ಹೀಗಾಗುತ್ತಿತ್ತೇ?

ಹಾಗಂತ ಗಡಿ ಇದ್ದರಷ್ಟೇ ಸಾಲದು. ಲೆಕ್ಕದ ಪ್ರಕಾರ ಈ ವಸ್ತು ಎದುರಿನಿಂದ ಒತ್ತುವ ಕಾಂತಕ್ಷೇತ್ರವನ್ನು 7 ಟೆಸ್ಲಾಗೂ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಮೀರಿ ತಡೆಯಬೇಕು. ಡಿಸ್ಪ್ರೋಸಿಯಂ (ಕೊಯರ್ಸಿವಿಟಿ ಹೆಚ್ಚಿಸುವ ಒಂದು ಲೋಹ) ಬೆರೆಸದ ಮಾಮೂಲಿ ಮ್ಯಾಗ್ನೆಟ್ 1 ಟೆಸ್ಲಾದ ಆಸುಪಾಸಿನಲ್ಲೇ ಸೋಲುತ್ತದೆ. ದಿಕ್ಕು ತಿರುಗುವುದು ಸಾಮಾನ್ಯವಾಗಿ ಹರಳಿನ ಮೈಮೇಲಿಂದ ಶುರು. ಅದಕ್ಕೇ ದುಬಾರಿ ಡಿಸ್ಪ್ರೋಸಿಯಂ ಅನ್ನು ಗಡಿಗಳ ದಾರಿಯಲ್ಲಿ ಇಳಿಸಿ ಹರಳಿನ ಹೊರಮೈಗಷ್ಟೇ ಸೇರಿಸುತ್ತಾರೆ. ಎಲ್ಲ ಕಡೆ ಬೆರೆಸಿದರೆ ಎಳೆತ ಕಡಿಮೆಯಾಗುತ್ತದೆ.

ಯಾರೂ ಕೇಳದಿದ್ದರೂ ಇದನ್ನೂ ಹೇಳಿಬಿಡುತ್ತೇನೆ. ಈ ಮ್ಯಾಗ್ನೆಟ್ಟಿಗೆ ಹೊಳೆಯುವ ನಿಕ್ಕಲ್ ಲೇಪನ ಸುಮ್ನೆ ಅಂದಕ್ಕಲ್ಲ. ತೇವ ತಗುಲಿದರೆ ಮೊದಲು ಹಾಳಾಗುವುದು ಇದೇ ಗಡಿಯ ಪದರ. ಅದು ಹೋದರೆ ಹರಳುಗಳು ಬಿಡಿಬಿಡಿಯಾಗಿ ಪುಡಿ ಉದುರುತ್ತದೆ. ಲೇಪನ ಕಿತ್ತುಹೋದ ಮ್ಯಾಗ್ನೆಟ್ಟನ್ನು ಸಿಂಕ್ ಹತ್ತಿರ ಇಡಬೇಡಿ.