ಎಣ್ಣೆ ಡಬ್ಬಿಯನ್ನು ಸ್ವಲ್ಪ ಹೊತ್ತು ಕೆಳಗಿಡಿ

ನನ್ನ ಬಳಿ ರಿಪೇರಿಗೆ ಬರುವ ಮೌಂಟನ್ ಬೈಕುಗಳಲ್ಲಿ ಅಲಕ್ಷ್ಯದಿಂದ ಕೆಟ್ಟವು ಎಷ್ಟೋ, ಅಕ್ಕರೆಯಿಂದ ಕೆಟ್ಟವೂ ಅಷ್ಟೇ. ಹೊಸದಾಗಿ ಸೈಕಲ್ ಕೊಂಡವರು ಮೊದಲು ಮಾಡುವ ಕೆಲಸವೆಂದರೆ ಒಂದು ಡಬ್ಬಿ ಎಣ್ಣೆ ತಂದು ಕಂಡಕಂಡಲ್ಲಿ ಬಿಡುವುದು. ಗುಡ್ಡದ ದಾರಿಯ ದೂಳು, ಮರಳು ಎಲ್ಲವೂ ಆ ಎಣ್ಣೆಗೆ ಅಂಟಿ ಕಪ್ಪು ಕಣಕವಾಗುತ್ತದೆ. ಹಾಗಾದ ಮೇಲೆ ಅದನ್ನು ಎಣ್ಣೆ ಎನ್ನುವಂತಿಲ್ಲ. ಪೆಡಲು ತುಳಿದಷ್ಟೂ ಚೈನನ್ನು ಅರೆಯುವ ಸಾಣೆಪುಡಿ ಅದು.

ಹಾಗಾಗಿ ಮೊದಲು ಬಟ್ಟೆ, ಆಮೇಲೆ ಎಣ್ಣೆ. ಹಳೆಯ ಹತ್ತಿಬಟ್ಟೆಯ ತುಂಡನ್ನು ಚೈನಿನ ಕೆಳಸಾಲಿಗೆ ಸುತ್ತಿ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಹೋಗಿ. ಬಟ್ಟೆ ಮಸಿಯಾದಾಗ ಮಗ್ಗುಲು ಬದಲಿಸಿ, ಮತ್ತೆ ತಿರುಗಿಸಿ. ಕೊಂಡಿಗಳ ಲೋಹದ ಬಣ್ಣ ಕಂಡ ಮೇಲೆ, ಚೈನಿಗೆಂದೇ ಬರುವ ಎಣ್ಣೆಯನ್ನು ಕೊಂಡಿಗಳ ನಡುವಿನ ಪುಟ್ಟ ಉರುಳೆಗಳಿವೆಯಲ್ಲ, ಆ ಒಂದೊಂದು ರೋಲರಿನ ಮೇಲೆ ಒಂದೊಂದೇ ಹನಿ ಬಿಡಿ. ಒಣದಾರಿಗೆ ತೆಳು ಎಣ್ಣೆ, ಕೆಸರಿಗೆ ಮಂದ ಎಣ್ಣೆ. ಅದು ಒಳಗಿಳಿಯಲು ಹೊತ್ತು ಬೇಕು. ಹೊರಡುವ ಗಡಿಬಿಡಿಯಲ್ಲಿ ಬಿಡುವುದಕ್ಕಿಂತ ಹಿಂದಿನ ರಾತ್ರಿಯೇ ಬಿಟ್ಟರೆ ಒಳ್ಳೆಯದು. ಬೆಳಿಗ್ಗೆ ಹೊರಮೈಯನ್ನು ಮತ್ತೆ ಒರೆಸಿ. ಎಣ್ಣೆ ಬೇಕಿರುವುದು ರೋಲರಿನ ಒಳಗೆ. ಹೊರಗೆ ಉಳಿದದ್ದು ದೂಳಿಗೆ ಕೊಟ್ಟ ಆಮಂತ್ರಣ.

ಎಷ್ಟು ಜೋಪಾನ ಮಾಡಿದರೂ ಚೈನು ಸವೆಯುತ್ತದೆ, ಸವೆದಂತೆ ಉದ್ದವಾಗುತ್ತದೆ. ಲೋಹ ಎಳೆದು ಹಿಗ್ಗುವುದಿಲ್ಲ. ಪ್ರತಿ ಪಿನ್ನಿನ ಸುತ್ತ ಕೂದಲೆಳೆಯಷ್ಟು ಸವೆತವಾಗಿ ಅದೆಲ್ಲ ಸೇರಿ ಉದ್ದ ಹೆಚ್ಚುತ್ತದೆ. ಅಳೆಯಲು ಒಂದು ಸ್ಟೀಲ್ ಸ್ಕೇಲು ಸಾಕು. ಅಕ್ಕಪಕ್ಕದ ಎರಡು ಪಿನ್ನುಗಳ ನಡುವಿನ ಅಂತರ ಅರ್ಧ ಇಂಚು, ಅಂದರೆ 12.7 ಮಿ.ಮೀ. ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಟ್ಟನಡುವೆ ಇಟ್ಟು ಅಲ್ಲಿಂದ ಮುಂದೆ 24 ಪಿನ್ನು ಎಣಿಸಿ. ಹೊಸ ಚೈನಿನಲ್ಲಿ ಇಪ್ಪತ್ನಾಲ್ಕನೆಯದು 12 ಇಂಚಿನ ಗೆರೆಯ ಮೇಲೆಯೇ ಕೂರುತ್ತದೆ. ಅದು ಗೆರೆ ದಾಟಿ ಒಂದೂವರೆ ಮಿ.ಮೀ.ಯಷ್ಟು ಮುಂದೆ ಹೋಗಿದ್ದರೆ ಚೈನಿನ ಆಯಸ್ಸು ಮುಗಿಯಿತು. ‘ಇನ್ನೂ ಓಡುತ್ತಿದೆಯಲ್ಲ’ ಎಂದು ಬಿಟ್ಟರೆ ಹಿಂದಿನ ಹಲ್ಲುಚಕ್ರಗಳೂ ಪೆಡಲಿನ ಬಳಿಯ ಹಲ್ಲುಚಕ್ರವೂ ಆ ಉದ್ದಕ್ಕೆ ತಕ್ಕಂತೆ ಸವೆಯುತ್ತವೆ. ಆಮೇಲೆ ಹೊಸ ಚೈನು ಹಾಕಿದರೆ ಅದು ಹಲ್ಲಿನ ಮೇಲೆ ನಿಲ್ಲದೆ ಹಾರುತ್ತದೆ. ಒಂದರ ಬದಲು ಮೂರು ಭಾಗಗಳಿಗೆ ದುಡ್ಡು ತೆರಬೇಕು.

ಇನ್ನು ಬ್ರೇಕು. ಒಮ್ಮೆ ಒಬ್ಬರು ಸೈಕಲ್ ತಂದು, ಬ್ರೇಕ್ ಹಿಡಿಯುತ್ತಲೇ ಇಲ್ಲ ಎಂದರು. ಡಿಸ್ಕು ಕನ್ನಡಿಯಂತೆ ಹೊಳೆಯುತ್ತಿತ್ತು. ‘ಏನು ಮಾಡಿದಿರಿ?’ ಎಂದೆ. ‘ಕಿರುಗುಟ್ಟುತ್ತಿತ್ತು ಸರ್, ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟೆ. ಸದ್ದು ನಿಂತಿತು’ ಎಂದರು. ಸದ್ದಿನ ಜೊತೆಗೆ ಬ್ರೇಕೂ ನಿಂತಿತ್ತು! ನಗುವಂತಿರಲಿಲ್ಲ, ಪುಣ್ಯಾತ್ಮರು ಇಳಿಜಾರಿನಲ್ಲಿ ಬಂದಿದ್ದರು. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡುಗಳು ಸ್ಪಂಜಿನಂತೆ ಎಣ್ಣೆ ಹೀರಿಕೊಂಡರೆ ಮತ್ತೆ ಬಿಡುವುದಿಲ್ಲ, ಹೊಸವನ್ನೇ ಹಾಕಬೇಕು. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಶುದ್ಧ ಬಟ್ಟೆಯಿಂದ ಒರೆಸಿದರೆ ಸಾಕು. ಬರಿಬೆರಳಿನ ಜಿಡ್ಡೂ ಅದಕ್ಕೆ ಆಗದು. ಸ್ಪ್ರೇ ಎಣ್ಣೆಯನ್ನಂತೂ ಸೈಕಲ್ಲಿನ ಹತ್ತಿರಕ್ಕೂ ತರಬೇಡಿ. ನೀವು ಗುರಿಯಿಡುವುದು ಚೈನಿಗೆ, ತುಂತುರು ಹೋಗಿ ಬೀಳುವುದು ಹಿಂದಿನ ಡಿಸ್ಕಿಗೆ.

ಪ್ಯಾಡಿನ ಲೋಹದ ಪಟ್ಟಿಯ ಮೇಲಿರುವ ಪದರ ಒಂದು ಮಿ.ಮೀ.ಗೆ ಇಳಿದರೆ ಬದಲಿಸಿ. ಹೊಸ ಪ್ಯಾಡು ಹಾಕಿದ ದಿನವೇ ಕಡಿದಾದ ಇಳಿಜಾರಿಗೆ ಹೋಗಬೇಡಿ. ಸಮತಟ್ಟಿನಲ್ಲಿ ವೇಗ ಹಿಡಿದು, ಪೂರ್ತಿ ನಿಲ್ಲಿಸದೆ ಒಂದಿಪ್ಪತ್ತು ಸಲ ವೇಗ ತಗ್ಗಿಸಿದರೆ ಅದು ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕಾದರೆ, ಚಕ್ರ ಬಿಚ್ಚಿಟ್ಟಾಗ ಲಿವರ್ ಒತ್ತಬಾರದು. ನಡುವೆ ಡಿಸ್ಕಿಲ್ಲದಿದ್ದರೆ ಪಿಸ್ಟನ್ನುಗಳು ಹೊರಬಂದು ಪ್ಯಾಡುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅದರೊಳಗಿನ ದ್ರವ ಕೆಲವು ಬ್ರೇಕುಗಳಲ್ಲಿ ಮಿನರಲ್ ಆಯಿಲ್, ಕೆಲವದರಲ್ಲಿ ಕಾರುಗಳ ಬ್ರೇಕಿಗೆ ಹಾಕುವಂಥ ಡಾಟ್ ದ್ರವ. ಒಂದರಲ್ಲಿ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ.

ಹೊರಡುವ ಮುನ್ನ ಅರ್ಧ ನಿಮಿಷ ಸೈಕಲ್ಲಿನ ಮಾತು ಕೇಳಿ. ಗೇಣುದ್ದ ಮೇಲೆತ್ತಿ ಎರಡೂ ಚಕ್ರದ ಮೇಲೆ ಬೀಳುವಂತೆ ಬಿಡಿ. ಟೈರು ಪುಟಿದ ಸದ್ದಷ್ಟೇ ಬರಬೇಕು. ಲಟಲಟ ಎಂದರೆ ಎಲ್ಲೋ ಏನೋ ಸಡಿಲವಾಗಿದೆ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ, ಇನ್ನೊಂದು ಕೈಯನ್ನು ಹ್ಯಾಂಡಲಿನ ಬುಡದಲ್ಲಿ ಇಡಿ. ಅಲ್ಲಿ ಟಕ್ ಎಂದು ಬೆರಳಿಗೆ ತಾಗಿದರೆ ಹೆಡ್‌ಸೆಟ್, ಅಂದರೆ ಹ್ಯಾಂಡಲ್ ತಿರುಗಲು ಇರುವ ಬೇರಿಂಗು, ಸಡಿಲ. ಹಾಗೆಂದು ಸಿಕ್ಕ ಬೋಲ್ಟನ್ನೆಲ್ಲ ಇದ್ದ ಬಲವೆಲ್ಲ ಹಾಕಿ ಬಿಗಿಯುವುದೂ ತಪ್ಪು. ಹ್ಯಾಂಡಲ್ ಹಿಡಿದಿರುವ ಬೋಲ್ಟುಗಳ ಪಕ್ಕದಲ್ಲೇ ಎಷ್ಟು ಬಿಗಿಯಬೇಕೆಂದು ಅಚ್ಚು ಹಾಕಿರುತ್ತಾರೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಅದು ನೀವು ಎಣಿಸುವುದಕ್ಕಿಂತ ಬಹಳ ಕಡಿಮೆ. ಬಿಗಿತ ಅಳೆಯುವ ಟಾರ್ಕ್ ಕೀ ಇಲ್ಲದವರು ಅಲೆನ್ ಕೀಯನ್ನು ತುದಿಯಲ್ಲಿ ಹಿಡಿಯದೆ ಬುಡದ ಹತ್ತಿರ ಹಿಡಿದು ತಿರುಗಿಸಿದರೆ ಕೈ ಮೀರುವುದಿಲ್ಲ.

ಗೇರು ಸರಿಯಾಗಿ ಬೀಳದಿದ್ದರೆ ಸ್ಕ್ರೂಡ್ರೈವರ್ ಹುಡುಕುವ ಮೊದಲು ಹಿಂದೆ ಕುಳಿತು ನೋಡಿ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೈಲರಿನ ಎರಡು ಪುಟ್ಟ ಚಕ್ರಗಳು ಮೇಲಿನ ಹಲ್ಲುಚಕ್ರದೊಂದಿಗೆ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಅದನ್ನು ಹಿಡಿದಿರುವ ಹ್ಯಾಂಗರ್ ಬಾಗಿದೆ. ಬಿದ್ದಾಗ ಚೌಕಟ್ಟಿನ ಬದಲು ತಾನು ಬಾಗಲೆಂದೇ ಮೆದುವಾಗಿ ಮಾಡಿದ ತುಂಡು ಅದು. ಅದು ಬಾಗಿರುವಾಗ ಯಾವ ಸ್ಕ್ರೂ ತಿರುಗಿಸಿದರೂ ಪ್ರಯೋಜನವಿಲ್ಲ. ನೇರವಿದ್ದು, ಚೈನು ದೊಡ್ಡ ಹಲ್ಲುಚಕ್ರಕ್ಕೆ ಏರಲು ಹಿಂಜರಿದರೆ, ಕೇಬಲ್ ತುದಿಯ ಗುಂಡಿಯನ್ನು ಹೊರಬರುವ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ನೋಡಿ, ಮತ್ತೆ ಕಾಲು ಸುತ್ತು. ಪಕ್ಕದ ಎರಡು ಪುಟ್ಟ ಸ್ಕ್ರೂಗಳನ್ನು ಮಾತ್ರ ಮುಟ್ಟಬೇಡಿ. ಚೈನು ಚಕ್ರದ ಕಡ್ಡಿಗಳೊಳಗೆ ಬೀಳದಂತೆ ತಡೆಯುವುದು ಅವೇ.

ತೊಳೆಯುವಾಗ ಪ್ರೆಷರ್ ವಾಷರ್ ಬೇಡ, ಬೇರಿಂಗಿನ ಗ್ರೀಸನ್ನು ಅದು ಕೊಚ್ಚಿಕೊಂಡು ಹೋಗುತ್ತದೆ. ಒಂದು ಬಕೆಟ್ ಸೋಪುನೀರು, ಮೆತ್ತನೆಯ ಬ್ರಷ್ಷು ಸಾಕು. ಮುಂದಿನ ಫೋರ್ಕಿನ ನುಣುಪಾದ ಕೊಳವೆಗಳನ್ನು ಒರೆಸಿ, ಸೈಕಲ್ಲನ್ನು ಎರಡು ಸಲ ಕುಕ್ಕಿ ನೀರು ಇಳಿಸಿ, ಚೈನನ್ನು ಒಣಬಟ್ಟೆಯಲ್ಲಿ ಹಿಡಿದು ತಿರುಗಿಸಿ. ಈಗ ಎಣ್ಣೆ ಡಬ್ಬಿ ತೆಗೆದುಕೊಳ್ಳಬಹುದು.