ಹಳೆಯ ಮಿಯಾಟಾಗೆ ಮೊದಲು ಟರ್ಬೊ ಹಾಕಲಾ?

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಈಚೆಗೆ 1991ರ ಮಾಜ್ದಾ ಮಿಯಾಟಾ ತಗೊಂಡೆ. 1.6 ಲೀಟರ್ ಎಂಜಿನ್, ಮ್ಯಾನ್ಯುಯಲ್ ಗೇರ್. ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಆದರೆ ಯಾಕೋ ಮಂಕು ಅನ್ನಿಸುತ್ತದೆ. ಮನೆಯಲ್ಲಿ ಗ್ಯಾರೇಜ್ ಇದೆ. ಊರಲ್ಲಿದ್ದಾಗ ಬೈಕ್ ಕೆಲಸ ನಾನೇ ಮಾಡಿಕೊಳ್ಳುತ್ತಿದ್ದೆ. ಟರ್ಬೊ ಹಾಕುವ ಆಸೆ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಟರ್ಬೊ ಕೊನೆಗಿರಲಿ. ಮೊದಲು ನೀರು, ರಬ್ಬರ್, ಬೆಲ್ಟ್ ನೋಡಿ. ನಿಮ್ಮ ಕಾರಿಗೆ ಮೂವತ್ತು ವರ್ಷ ದಾಟಿದೆ. ಯಾರೂ ಬದಲಿಸಿಲ್ಲ ಅಂದರೆ ಅದರ ಬುಷ್ (ಸಸ್ಪೆನ್ಷನ್ ಕೀಲುಗಳ ರಬ್ಬರ್), ಹೋಸ್, ಸೀಲ್‌ಗಳಿಗೂ ಅಷ್ಟೇ ವಯಸ್ಸು. ಕಾರ್ಖಾನೆಯಿಂದ ಬಂದಾಗ ಈ ಕಾರು ಹೇಗಿತ್ತು ಅನ್ನೋದನ್ನು ನೀವು ಇನ್ನೂ ನೋಡಿಯೇ ಇಲ್ಲ. ಅದನ್ನು ಆ ಸ್ಥಿತಿಗೆ ತಂದು ಒಮ್ಮೆ ಓಡಿಸಿ. ಟರ್ಬೊ ಬೇಕು ಅಂದವರಲ್ಲಿ ಎಷ್ಟೋ ಜನ ಅಲ್ಲಿಗೇ ತೃಪ್ತರಾಗಿಬಿಡುತ್ತಾರೆ.

1989ರ ಫೆಬ್ರವರಿಯಲ್ಲಿ ಶಿಕಾಗೊ ಆಟೊ ಶೋನಲ್ಲಿ ಮಾಜ್ದಾ ಈ ಕಾರನ್ನು ಮೊದಲ ಸಲ ತೋರಿಸಿತು. ಅಮೆರಿಕದಲ್ಲಿ ಎಂಎಕ್ಸ್-5 ಮಿಯಾಟಾ, ಜಪಾನ್‌ನಲ್ಲಿ ಯೂನೋಸ್ ರೋಡ್‌ಸ್ಟರ್. 1.6 ಎಂಜಿನ್ನಿನ ಶಕ್ತಿ ಸುಮಾರು 116 ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ ಅದು ಏನೇನೂ ಅಲ್ಲ. ಆದರೆ ಕಾರಿನ ತೂಕ ಒಂದು ಟನ್‌ಗಿಂತ ಕಡಿಮೆ, ಎಂಜಿನ್ ಮುಂದೆ, ಎಳೆಯುವುದು ಹಿಂದಿನ ಚಕ್ರ, ನಾಲ್ಕೂ ಮೂಲೆಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಅಂದರೆ ಪ್ರತಿ ಚಕ್ರವನ್ನೂ ಮೇಲೆ ಕೆಳಗೆ ಎರಡು ತೋಳು ಹಿಡಿದಿರುತ್ತವೆ. ಇದರ ಸೊಗಸೆಲ್ಲ ತಿರುವುಗಳಲ್ಲಿದೆ. ಹಾಗಾಗಿ ಬುಷ್ ಸತ್ತಿದ್ದರೆ ಎಷ್ಟು ಶಕ್ತಿ ತುಂಬಿದರೂ ಪ್ರಯೋಜನವಿಲ್ಲ.

ಮನೆಯಲ್ಲೇ ಮಾಡಬಹುದಾ ಅಂದರೆ, ಖಂಡಿತ ಮಾಡಬಹುದು. ಹಳೆಯ ಜಪಾನಿ ಸ್ಪೋರ್ಟ್ಸ್ ಕಾರುಗಳಲ್ಲಿ ಕಲಿಯುವವರಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ಬಾನೆಟ್ ಎತ್ತಿದರೆ ಎಲ್ಲ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. 10, 12, 14, 17ರ ಸಾಕೆಟ್‌ಗಳಲ್ಲಿ ಬಹುಪಾಲು ಕೆಲಸ ಮುಗಿಯುತ್ತದೆ. ಜೊತೆಗೆ ಒಂದು ಟಾರ್ಕ್ ವ್ರೆಂಚ್, ಒಂದು ಟೈಮಿಂಗ್ ಲೈಟ್, ಗಟ್ಟಿಯಾದ ಜಾಕ್, ನಾಲ್ಕು ಜಾಕ್ ಸ್ಟ್ಯಾಂಡ್. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಒಂದು ನಿಮಿಷಕ್ಕೂ ನುಗ್ಗಬೇಡಿ. ಜಾಕ್ ಕೊಡುವುದಕ್ಕೆ ಮುಂದೆ ನಡುವಿನ ಕ್ರಾಸ್‌ಮೆಂಬರ್ (ಅಡ್ಡ ತೊಲೆ), ಹಿಂದೆ ಡಿಫರೆನ್ಷಿಯಲ್ (ಎರಡು ಚಕ್ರಗಳ ನಡುವಿನ ಗೇರ್ ಡಬ್ಬಿ). ಸ್ಟ್ಯಾಂಡ್‌ಗಳು ಬಾಗಿಲ ಕೆಳಗಿನ ಅಂಚಿನಲ್ಲಿ ಗುರುತು ಮಾಡಿರುವ ಜಾಗಕ್ಕೆ.

ಆ ಅಂಚಿನ ಹತ್ತಿರ ಹೋದಾಗ ತುಕ್ಕನ್ನೂ ನೋಡಿಬಿಡಿ. ಎಂಜಿನ್ ಕೆಟ್ಟರೆ ಇನ್ನೊಂದು ಸಿಗುತ್ತದೆ, ಬಾಡಿ ಕೊಳೆತರೆ ಕಾರೇ ಹೋಯಿತು. ಈ ಕಾರು ಕೊಳೆಯುವುದು ಹಿಂದಿನ ಚಕ್ರದ ಮುಂಭಾಗದಲ್ಲಿ, ಬಾಗಿಲ ಕೆಳಗಿನ ಸಿಲ್‌ನಲ್ಲಿ. ಅದಕ್ಕೆ ಕಾರಣ ಮೇಲಿದೆ. ಬಟ್ಟೆಯ ಟಾಪ್ ಮೇಲೆ ಬಿದ್ದ ಮಳೆನೀರು ಸೀಟ್‌ಬೆಲ್ಟ್ ಹಿಂದೆ ಎರಡೂ ಬದಿ ಇರುವ ರಂಧ್ರಗಳಿಂದ ಇಳಿದು ಕಾರಿನ ಕೆಳಗೆ ಹೊರಗೆ ಹೋಗಬೇಕು. ಅಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಟಾಪ್ ಮಡಚಿ, ಆ ಮೂಲೆಗೆ ಒಂದು ಲೋಟ ನೀರು ಹುಯ್ಯಿರಿ. ಹಿಂದಿನ ಚಕ್ರದ ಮುಂದೆ, ನೆಲದ ಮೇಲೆ ಅದು ತಕ್ಷಣ ಬೀಳಬೇಕು. ಬೀಳದಿದ್ದರೆ ಪ್ಲಾಸ್ಟಿಕ್ ತುದಿಯ ಮೆದು ತಂತಿಯಿಂದ ನಿಧಾನಕ್ಕೆ ಬಿಡಿಸಿ. ಒರಟಾಗಿ ಚುಚ್ಚಿದರೆ ಒಳಗಿನ ಕೊಳವೆ ಹರಿಯುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಮಿಶಿಗನ್, ನ್ಯೂಯಾರ್ಕ್ ಕಡೆಯ ಕಾರಾದರೆ ಕೆಳಗೆಲ್ಲ ಇನ್ನೂ ಜಾಸ್ತಿ ಹುಡುಕಿ. ಹೊಸ ಪೇಂಟ್ ಕಂಡರೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಪುಟ್ಟಿ ಮೆತ್ತಿದ ಜಾಗದ ಸದ್ದೇ ಬೇರೆ.

ಈಗ ನೀವು ಹೇಳಿದ ಮಂಕಿಗೆ ಬರೋಣ. 1991ರ ಕಾರು ಅಂದಿದ್ದಕ್ಕೇ ನಾನು ಮೊದಲು ಕೇಳುವುದು ಕ್ರ್ಯಾಂಕ್ ಪುಲ್ಲಿಯ ಬಗ್ಗೆ, ಅಂದರೆ ಎಂಜಿನ್ನಿನ ಮುಂದೆ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಬೆಲ್ಟ್ ತಿರುಗಿಸುವ ಗಾಲಿ. 1990ರ ಮತ್ತು 1991ರ ಆರಂಭದ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮೂತಿ ಗಿಡ್ಡ. ಮುಂದಿನ ಬೋಲ್ಟ್ ಒಂಚೂರು ಸಡಿಲವಾದರೂ ಪುಲ್ಲಿ, ಟೈಮಿಂಗ್ ಗೇರ್ ಅಲ್ಲಾಡಲು ಶುರುವಾಗುತ್ತವೆ. ಅವುಗಳನ್ನು ಹಿಡಿದಿಡುವ ಸಣ್ಣ ಕೀ (ಲೋಹದ ತುಂಡು) ಕೂರುವ ತೋಡು ದಿನಾ ಚೂರುಚೂರೇ ಸವೆಯುತ್ತದೆ. ಟೈಮಿಂಗ್, ಅಂದರೆ ವಾಲ್ವ್ ತೆರೆಯುವ, ಕಿಡಿ ಹಾರುವ ಹೊತ್ತು, ಹಿಂದೆ ಬೀಳುತ್ತದೆ, ಎಂಜಿನ್ ಸೊರಗುತ್ತದೆ. ಬೆಲ್ಟ್ ಬದಲಿಸುವಾಗ ಈ ಬೋಲ್ಟ್ ಬಿಚ್ಚಿ, ಮತ್ತೆ ಸರಿಯಾಗಿ ಬಿಗಿಸದೆ ಬಿಟ್ಟ ಕಾರುಗಳಲ್ಲೇ ಈ ರೋಗ ಜಾಸ್ತಿ.

ನಿಮ್ಮದು ಯಾವುದು ಅಂತ ತಿಳಿಯುವುದು ಸುಲಭ. ಟಾರ್ಚ್ ಹಿಡಿದು ಪುಲ್ಲಿಯ ಮುಖ ನೋಡಿ. ನಾಲ್ಕು ಸೀಳು ಇದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದದ್ದು. ನಾಲ್ಕು ಕಂಡರೆ ಗಾಬರಿ ಬೇಡ. ಅಂಥ ಎಷ್ಟೋ ಎಂಜಿನ್‌ಗಳು ಇವತ್ತಿಗೂ ಗಟ್ಟಿಮುಟ್ಟಾಗಿ ಓಡುತ್ತಿವೆ. ಎಂಜಿನ್ ಐಡಲ್‌ನಲ್ಲಿ ಇರುವಾಗ ಪುಲ್ಲಿ ಓಲಾಡುತ್ತಿದೆಯಾ ಅಂತ ಮೇಲಿನಿಂದ ಗಮನಿಸಿ. ತೋಳು, ಕೂದಲು ಬೆಲ್ಟಿನಿಂದ ದೂರವಿರಲಿ. ಓಲಾಟ ಕಂಡರೆ ಓಡಿಸುವುದನ್ನು ನಿಲ್ಲಿಸಿ, ಬಿಚ್ಚಿ ಕೀ ನೋಡಿ. ಸವೆತ ಕಡಿಮೆ ಇದ್ದರೆ ಲಾಕ್‌ಟೈಟ್ 660 ಹಚ್ಚಿ ಹೊಸ ಕೀ, ಹೊಸ ಬೋಲ್ಟ್ ಹಾಕಿ ಉಳಿಸಿಕೊಂಡವರು ಬಹಳ ಜನ. ಗಿಡ್ಡ ಮೂತಿಯ ಬೋಲ್ಟಿಗೆ ಟಾರ್ಕ್ 80ರಿಂದ 87 ಪೌಂಡ್-ಅಡಿ, ಉದ್ದ ಮೂತಿಗೆ 116ರಿಂದ 123. ಇದನ್ನು ಅಂದಾಜಿನಲ್ಲಿ ಬಿಗಿಸಬಾರದು. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಲೂಬಾರದು.

ಪುಲ್ಲಿ ಸರಿಯಿದ್ದರೆ ಮುಂದಿನ ಕೆಲಸ ಇಗ್ನಿಷನ್ ಟೈಮಿಂಗ್. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಬಾನೆಟ್ ಒಳಗೆ ಡಯಾಗ್ನೋಸಿಸ್ ಅಂತ ಬರೆದ ಪುಟ್ಟ ಡಬ್ಬಿ ಇದೆ. ಅದರಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಅನ್ನುವ ಎರಡು ಕಿಂಡಿಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ. ಐಡಲ್ 850ರ ಆಸುಪಾಸು ಇರಬೇಕು. ಟೈಮಿಂಗ್ ಲೈಟಿನ ಕ್ಲಿಪ್ಪನ್ನು ಮುಂದಿನ, ಅಂದರೆ ಒಂದನೇ ಪ್ಲಗ್ಗಿನ ವೈರಿಗೆ ಹಾಕಿ ಪುಲ್ಲಿಯ ಗುರುತು ನೋಡಿ. ಕಂಪನಿಯ ಲೆಕ್ಕ 10 ಡಿಗ್ರಿ. ಎಂಜಿನ್ನಿನ ಹಿಂಭಾಗದಲ್ಲಿರುವ ಕ್ಯಾಮ್ ಆ್ಯಂಗಲ್ ಸೆನ್ಸರಿನ ಬೋಲ್ಟ್ ಸಡಿಲಿಸಿ, ಅದನ್ನು ಕೂದಲೆಳೆಯಷ್ಟು ತಿರುಗಿಸಿದರೂ ಗುರುತು ಸರಿಯುತ್ತದೆ. ಪ್ರೀಮಿಯಂ ಪೆಟ್ರೋಲ್ ಹಾಕುವವರು ಇದನ್ನು 14 ಡಿಗ್ರಿವರೆಗೂ ಇಡುತ್ತಾರೆ. ಕೆಳಗಿನ ಆರ್‌ಪಿಎಂನಲ್ಲಿ ಎಂಜಿನ್ ಚುರುಕಾಗುವುದು ಕಾಲಿಗೇ ಗೊತ್ತಾಗುತ್ತದೆ. ಖರ್ಚಿಲ್ಲದ ಮಾಡಿಫಿಕೇಶನ್ ಅಂದರೆ ಇದೇ. ಎಂಜಿನ್ ನಾಕ್ ಹೊಡೆದರೆ (ಒಳಗಿಂದ ಬಡಿದಂಥ ಸದ್ದು ಬಂದರೆ) ಮಾತ್ರ ಮರುಮಾತಿಲ್ಲದೆ ಹಿಂದಕ್ಕೆ ತನ್ನಿ. ಆ ಸೆನ್ಸರಿನ ಬುಡದಲ್ಲಿ ಆಯಿಲ್ ಜಿನುಗಿದ್ದರೆ ಒಳಗಿನ ಓ-ರಿಂಗ್ ಗಟ್ಟಿಯಾಗಿದೆ ಅಂತ ಅರ್ಥ. ಅಲ್ಲಿವರೆಗೆ ಕೈ ಹಾಕಿದವರು ಅದನ್ನೂ ಬದಲಿಸಿಬಿಡಿ.

ಟೈಮಿಂಗ್ ಬೆಲ್ಟ್ 60,000 ಮೈಲಿಗೆ, ಅಂದರೆ ಸುಮಾರು 96,000 ಕಿ.ಮೀ.ಗೆ ಬದಲಿಸಬೇಕು. ಹಿಂದಿನ ಮಾಲೀಕರ ಬಿಲ್ ಕೈಯಲ್ಲಿ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಇಟ್ಟುಕೊಳ್ಳಿ. ಸಮಾಧಾನದ ವಿಷಯ ಅಂದರೆ, ಬೆಲ್ಟ್ ತುಂಡಾದರೂ ಈ ಎಂಜಿನ್ನಿನಲ್ಲಿ ವಾಲ್ವ್‌ಗಳು ಪಿಸ್ಟನ್ನಿಗೆ ಹೊಡೆಯುವುದಿಲ್ಲ. ಕಾರು ದಾರಿಯಲ್ಲಿ ನಿಲ್ಲುತ್ತದೆ, ಎಂಜಿನ್ ಉಳಿಯುತ್ತದೆ. ವಾಟರ್ ಪಂಪ್ ಬಿಚ್ಚಬೇಕಾದರೂ ಈ ಬೆಲ್ಟ್ ತೆಗೆಯಲೇಬೇಕು. ಹಾಗಾಗಿ ಪಂಪ್, ಮುಂದಿನ ಸೀಲ್‌ಗಳು, ಥರ್ಮೋಸ್ಟ್ಯಾಟ್ ಎಲ್ಲ ಒಟ್ಟಿಗೇ ಮುಗಿಸಿ.

ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಯಾವ ಬಣ್ಣ ಇದೆ? ಮೊದಲು ಕಪ್ಪಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಪ್ಲಾಸ್ಟಿಕ್ ಬೆಂದು ಪೆಡಸಾಗಿದೆ, ಯಾವತ್ತಾದರೂ ಸೀಳಬಹುದು. ಇದನ್ನು ಮುಂದೂಡಬೇಡಿ. ಈ ಎಂಜಿನ್ ಮಾಜ್ದಾದ ಮುಂಚಕ್ರ ಎಳೆಯುವ ಕಾರಿನಿಂದ ಬಂದದ್ದು. ಮಿಯಾಟಾದಲ್ಲಿ ಅದನ್ನು ಉದ್ದಕ್ಕೆ ಕೂರಿಸಿದಾಗ ಥರ್ಮೋಸ್ಟ್ಯಾಟ್ ಎಂಜಿನ್ನಿನ ಮುಂದಕ್ಕೆ ಬಂತು. ಅದರಿಂದ ಹಿಂದಿನ ಸಿಲಿಂಡರ್‌ಗಳ ಕಡೆ ಕೂಲೆಂಟ್ (ಎಂಜಿನ್ ತಂಪಾಗಿಸುವ ನೀರು) ಹರಿವು ಕಡಿಮೆ. ಸಾಮಾನ್ಯ ಓಡಾಟಕ್ಕೆ ಏನೂ ತೊಂದರೆಯಿಲ್ಲ, ಆದರೆ ಹೀಟ್ ಆದಾಗ ಮೊದಲು ಪೆಟ್ಟು ಬೀಳುವುದು ಅಲ್ಲಿಗೆ. ಟ್ರ್ಯಾಕಿಗೆ ಹೋಗುವವರು, ಟರ್ಬೊ ಹಾಕಿದವರು ಕೂಲೆಂಟ್ ದಾರಿಯನ್ನು ಹಿಂದಿನಿಂದ ಹೊರಬರುವಂತೆ ಬದಲಿಸುವುದು ಇದೇ ಕಾರಣಕ್ಕೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಎಂಜಿನ್ ತಲೆಯಲ್ಲಿ ಟಿಕ್ ಟಿಕ್ ಸದ್ದು ಬಂದರೆ ಹೆಚ್ಚಿನ ಸಲ ಅದು ಹೈಡ್ರಾಲಿಕ್ ಟ್ಯಾಪೆಟ್. ಹೊಸ ಆಯಿಲ್ ಹಾಕಿ ಸ್ವಲ್ಪ ದಿನ ಓಡಿಸಿದರೆ ಎಷ್ಟೋ ಕಾರುಗಳಲ್ಲಿ ಕಡಿಮೆಯಾಗುತ್ತದೆ. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ 75ಡಬ್ಲ್ಯು-90. ಹಳೆಯ ಆಯಿಲ್ ಇಳಿಸುವ ಮೊದಲು ತುಂಬಿಸುವ ಬೋಲ್ಟ್ ಬಿಚ್ಚುತ್ತದಾ ಅಂತ ನೋಡಿಕೊಳ್ಳಿ. ಕ್ಲಚ್ ಒತ್ತಿದರೂ ಗೇರ್ ಬೀಳದಿದ್ದರೆ ಕ್ಲಚ್ ಪ್ಲೇಟ್ ಅಂತ ಹೆದರಬೇಡಿ, ಕೆಳಗಿನ ಸ್ಲೇವ್ ಸಿಲಿಂಡರ್ ಸೋರುತ್ತಿರಬಹುದು. ಎರಡೇ ಬೋಲ್ಟಿನ ಕೆಲಸ. ಮೇಲಿನ ಮಾಸ್ಟರ್ ಸಿಲಿಂಡರನ್ನೂ ಜೊತೆಗೇ ಬದಲಿಸಿ. ಬ್ಯಾಟರಿ ಡಿಕ್ಕಿಯಲ್ಲಿದೆ. ಅದಕ್ಕೆ ಗ್ಯಾಸ್ ಹೊರಬಿಡುವ ಕೊಳವೆ ಸಿಕ್ಕಿಸುವಂಥ ಬ್ಯಾಟರಿಯೇ ಬೇಕು, ಮಾಮೂಲಿ ಬ್ಯಾಟರಿ ಇಟ್ಟರೆ ಆಸಿಡ್ ಹಬೆ ಡಿಕ್ಕಿಯನ್ನು ತಿಂದುಹಾಕುತ್ತದೆ.

ಹಿಂದಿನ ಬ್ರೇಕ್ ಪ್ಯಾಡ್ ಬದಲಿಸುವಾಗ ಮಾತ್ರ ನಿಧಾನ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗೇ ಹ್ಯಾಂಡ್‌ಬ್ರೇಕಿನ ಕೆಲಸವೂ ಇದೆ. ಮುಂದಿನದರಂತೆ ಪಿಸ್ಟನ್ನನ್ನು ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನದು ಮುರಿಯುತ್ತದೆ. ಕ್ಯಾಲಿಪರಿನ ಹಿಂದೆ ಒಂದು ಮುಚ್ಚಳದ ಬೋಲ್ಟ್ ಇದೆ. ಅದನ್ನು ತೆಗೆದರೆ ಒಳಗೆ 4 ಮಿ.ಮೀ. ಅಲೆನ್ ಕೀ ಕೂರುವ ಸ್ಕ್ರೂ ಸಿಗುತ್ತದೆ. ಅಪ್ರದಕ್ಷಿಣವಾಗಿ ತಿರುಗಿಸಿದರೆ ಪಿಸ್ಟನ್ ಒಳಗೆ ಹೋಗುತ್ತದೆ. ಹೊಸ ಪ್ಯಾಡ್ ಕೂರಿಸಿದ ಮೇಲೆ ಪ್ಯಾಡ್ ಡಿಸ್ಕಿಗೆ ತಾಗುವವರೆಗೆ ತಿರುಗಿಸಿ, ಸುತ್ತಿನ ಮೂರನೇ ಒಂದು ಭಾಗದಷ್ಟು ಸಡಿಲ ಬಿಡಿ. ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲ ಅಂತ ಗೊಣಗುವ ಎಷ್ಟೋ ಮಿಯಾಟಾಗಳ ಔಷಧಿ ಈ ಸ್ಕ್ರೂನಲ್ಲೇ ಇದೆ.

ಇಷ್ಟಾದ ಮೇಲೆ ಮಾಡಿಫಿಕೇಶನ್. ನಾನಾದರೆ ಮೊದಲ ದುಡ್ಡು ಸಸ್ಪೆನ್ಷನ್ನಿಗೆ ಹಾಕುತ್ತೇನೆ: ಹೊಸ ಶಾಕ್ ಅಬ್ಸಾರ್ಬರ್, ಹೊಸ ಬುಷ್, ಒಳ್ಳೆಯ ಟೈರ್. ಬುಷ್ ಕೂರಿಸುವಾಗ ಒಂದು ಮಾತು ಮರೆಯಬೇಡಿ. ಚಕ್ರ ನೇತಾಡುತ್ತಿರುವಾಗ ತೋಳುಗಳ ಬೋಲ್ಟ್ ಪೂರ್ತಿ ಬಿಗಿಸಬಾರದು. ಕಾರಿನ ಭಾರ ಚಕ್ರದ ಮೇಲೆ ಬಿದ್ದು ತೋಳು ತನ್ನ ನಿಜವಾದ ಎತ್ತರಕ್ಕೆ ಬಂದ ಮೇಲೇ ಬಿಗಿಸಿ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಕಾರೂ ಬೇಕಾದಷ್ಟು ಕೆಳಗೆ ಕೂರುವುದಿಲ್ಲ. ಪಾಲಿಯುರೆಥೇನ್ ಬುಷ್ ಬಹಳ ಜನ ಹಾಕುತ್ತಾರೆ. ಅದು ಗಟ್ಟಿ, ಆದರೆ ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ರಸ್ತೆಯ ಕಾರಿಗೆ ನನಗೆ ರಬ್ಬರೇ ಇಷ್ಟ.

ಆಮೇಲೆ ವ್ಹೀಲ್ ಅಲೈನ್‌ಮೆಂಟ್. ಈ ಕಾರಿನ ನಾಲ್ಕೂ ಚಕ್ರಗಳ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ಹೊಂದಿಸಬಹುದು. ಅದಕ್ಕಿರುವ ಬೋಲ್ಟುಗಳು ತುಕ್ಕಿನಿಂದ ಕಚ್ಚಿಕೊಂಡಿರಬಹುದು, ಅಂಗಡಿಗೆ ಒಯ್ಯುವ ಕೆಲವು ದಿನ ಮೊದಲಿನಿಂದಲೇ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಿರಿ. ಟೈರ್ ಮೂಲದಲ್ಲಿ 185/60 ಆರ್14. 15 ಇಂಚಿನ ಹಗುರ ಚಕ್ರ ಚೆನ್ನಾಗಿ ಒಪ್ಪುತ್ತದೆ. ನೋಡಲು ಚೆಂದ ಅಂತ 17 ಇಂಚಿನ ಭಾರದ ಚಕ್ರ ಹಾಕಿದರೆ ಸ್ಟೀರಿಂಗ್ ಹಗುರತನವೇ ಹೋಗುತ್ತದೆ. ಬೇಡ. ಸ್ಟೀರಿಂಗ್ ವ್ಹೀಲ್ ಬದಲಿಸುವ ಆಸೆ ಬಂದರೂ ಯೋಚಿಸಿ. ಅಮೆರಿಕದ ಮಿಯಾಟಾದಲ್ಲಿ ಡ್ರೈವರ್ ಏರ್‌ಬ್ಯಾಗ್ ಆ ವ್ಹೀಲಿನಲ್ಲೇ ಇದೆ.

ಬಿಡಿಭಾಗ ಸಿಗುತ್ತದಾ ಅನ್ನುವ ಚಿಂತೆ ಬೇಡ. 2016ರ ಏಪ್ರಿಲ್‌ಗೆ ಎಲ್ಲ ತಲೆಮಾರು ಸೇರಿ ಹತ್ತು ಲಕ್ಷ ಕಾರು ತಯಾರಾಗಿದ್ದವು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಇದೇ. 2017ರ ಕೊನೆಯಲ್ಲಿ ಮಾಜ್ದಾ ಜಪಾನ್‌ನಲ್ಲಿ ಮೊದಲ ತಲೆಮಾರಿನ ಕಾರುಗಳನ್ನು ತಾನೇ ಹೊಸದರಂತೆ ಮಾಡಿಕೊಡುವ ಕೆಲಸ ಶುರು ಮಾಡಿತು, ನಿಂತುಹೋಗಿದ್ದ ಎಷ್ಟೋ ಭಾಗಗಳನ್ನು ಮತ್ತೆ ತಯಾರಿಸಿತು. ಇದನ್ನು ಓದುತ್ತಾ ಒಂದು ಮಿಯಾಟಾವನ್ನು ಬೆಂಗಳೂರಿಗೆ ತರಬಹುದಾ ಅಂತ ಕೇಳುವವರೂ ಇದ್ದಾರೆ. ಮೂರು ವರ್ಷಕ್ಕಿಂತ ಹಳೆಯ ಸೆಕೆಂಡ್‌ಹ್ಯಾಂಡ್ ಕಾರನ್ನು ಭಾರತಕ್ಕೆ ತರಲು ಸಾಮಾನ್ಯವಾಗಿ ಬಿಡುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ ಉಲ್ಟಾ, 25 ವರ್ಷ ದಾಟಿದ ಕಾರನ್ನು ಹೊರದೇಶದಿಂದ ತರಬಹುದು. ಹಾಗೆ ಬಂದ ಬಲಗಡೆ ಸ್ಟೀರಿಂಗಿನ ಯೂನೋಸ್ ರೋಡ್‌ಸ್ಟರ್‌ಗಳೂ ಅಲ್ಲಿ ಸಿಗುತ್ತವೆ. ಊರಲ್ಲಿ ಡ್ರೈವಿಂಗ್ ಕಲಿತವರಿಗೆ ಅದರಲ್ಲಿ ಕೂತರೆ ಏನೋ ಖುಷಿ.

ಇಷ್ಟೆಲ್ಲ ಆಗಿ, ಒಂದು ಬೇಸಿಗೆ ಪೂರ್ತಿ ಓಡಿಸಿ, ಆಮೇಲೂ ಶಕ್ತಿ ಸಾಲದು ಅನ್ನಿಸಿದರೆ ಆಗ ಟರ್ಬೊ ಹಾಕಿ. ಗಿಡ್ಡ ಮೂತಿಯ ಎಂಜಿನ್ ಮೇಲೆ ಮಾತ್ರ ಬೇಡ, ಅಷ್ಟು ಖರ್ಚು ಮಾಡುವವರು ಮೊದಲು ಉದ್ದ ಮೂತಿಯದ್ದು ಹುಡುಕಿಕೊಳ್ಳಿ. ಕೂಲೆಂಟ್ ದಾರಿ ಬದಲಿಸಿ. ಪೆಟ್ರೋಲ್ ಮತ್ತು ಇಗ್ನಿಷನ್ ಲೆಕ್ಕ ನೋಡಿಕೊಳ್ಳುವ ಬೇರೆ ಇಸಿಯು (ಎಂಜಿನ್ ಕಂಪ್ಯೂಟರ್) ಇಲ್ಲದೆ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿಸಬೇಡಿ. 1.6ರ ಹಿಂದಿನ ಡಿಫರೆನ್ಷಿಯಲ್ ಚಿಕ್ಕದು, ಟರ್ಬೊ ಎಳೆತಕ್ಕೆ ಅದರ ಹಲ್ಲು ಮುರಿಯುತ್ತದೆ. 1994ರಿಂದ ಬಂದ 1.8ರ ದೊಡ್ಡ ಡಿಫರೆನ್ಷಿಯಲ್ಲನ್ನು ಆಕ್ಸಲ್ ಸಮೇತ ತಂದುಕೊಳ್ಳಿ. ಆ ವರ್ಷದ ಕಾರಿನ ಮುಂದಿನ ಬ್ರೇಕ್ ಡಿಸ್ಕ್ ಕೂಡ 235 ಮಿ.ಮೀ. ಬದಲು 255, ಸಿಕ್ಕರೆ ಅದನ್ನೂ ಬ್ರಾಕೆಟ್ ಜೊತೆ ಕೇಳಿ. ನೀವು ಕ್ಯಾಲಿಫೋರ್ನಿಯಾದಲ್ಲಿದ್ದರೆ ಕಿಟ್‌ಗೆ ದುಡ್ಡು ಕೊಡುವ ಮೊದಲೇ ಅದಕ್ಕೆ ಅಲ್ಲಿನ ವಾಯು ಮಂಡಳಿಯ ಅನುಮತಿ ಸಂಖ್ಯೆ ಇದೆಯಾ, ಅದು ನಿಮ್ಮ ಕಾರಿನ ವರ್ಷಕ್ಕೆ ಅನ್ವಯಿಸುತ್ತದಾ ಅಂತ ಖಾತ್ರಿ ಮಾಡಿಕೊಳ್ಳಿ. ಅದಿಲ್ಲದಿದ್ದರೆ ಎರಡು ವರ್ಷಕ್ಕೊಮ್ಮೆ ಬರುವ ಸ್ಮಾಗ್ (ಹೊಗೆ) ತಪಾಸಣೆಯಲ್ಲಿ ಕಾರು ಫೇಲ್ ಆಗುತ್ತದೆ, ರಿಜಿಸ್ಟ್ರೇಶನ್ ಸಿಗುವುದಿಲ್ಲ.