“ಯಾವುದಾದ್ರೂ ಒಳ್ಳೆ ಪುಸ್ತಕ ಕೊಡಿ”: ಓದುಗರಿಗೆ ಪುಸ್ತಕ ಸೂಚಿಸುವ ಬಗ್ಗೆ ಒಂದು ಟಿಪ್ಪಣಿ

ಗ್ರಂಥಾಲಯ ವಿಜ್ಞಾನದಲ್ಲಿ ‘ರೀಡರ್ಸ್ ಅಡ್ವೈಸರಿ’ ಅಂತ ಒಂದು ಪಾಠ ಇದೆ. ಓದುಗರಿಗೆ ಪುಸ್ತಕ ಸೂಚಿಸುವ ಸೇವೆ. ನೋಟ್ಸಿನಲ್ಲಿ ಎರಡು ಪುಟಕ್ಕೆ ಮುಗಿದುಹೋಗುತ್ತದೆ. ಆದರೆ ಕೌಂಟರಿನಲ್ಲಿ ಕೂತವರನ್ನು ಜನ ದಿನವೂ ಕೇಳುವುದು ಇದನ್ನೇ. ನಮಗೆ ಸಿಗುವ ಉದಾಹರಣೆಗಳೆಲ್ಲ ಅಮೆರಿಕದ ಪತ್ತೇದಾರಿ ಕಾದಂಬರಿಗಳವು. ಅವನ್ನು ಹಿಡಿದುಕೊಂಡು ಮಡಿಕೇರಿಯಲ್ಲಿ ಏನು ಮಾಡೋಣ? ಹಾಗಾಗಿ ಇಲ್ಲಿ ಕೊಡಗಿನ ಓದುಗರು, ಕೊಡಗಿಗೆ ಹತ್ತಿರದ ಪುಸ್ತಕಗಳನ್ನೇ ಇಟ್ಟುಕೊಂಡು ಪಾಠ ಬಿಡಿಸಿದ್ದೇನೆ.

ಪರೀಕ್ಷೆಗೆ ಬೇಕಾದ ಹೆಸರುಗಳು

ಇದನ್ನು ಬೇಗ ಮುಗಿಸೋಣ. 1876ರಲ್ಲಿ ಅಮೆರಿಕದ ವೂಸ್ಟರ್ ಊರಿನ ಗ್ರಂಥಪಾಲಕ ಸ್ಯಾಮ್ಯುಯೆಲ್ ಗ್ರೀನ್ ಈ ಸೇವೆಯ ಬಗ್ಗೆ ಬರೆದರು. ಗಿರಾಕಿ ಬರಿಗೈಲಿ ಹೋದರೆ ಅಂಗಡಿಯವನಿಗೆ ಎಷ್ಟು ಸಂಕಟವೋ, ಓದುಗ ಉತ್ತರ ಸಿಗದೆ ಹೋದರೆ ಗ್ರಂಥಪಾಲಕನಿಗೂ ಅಷ್ಟೇ ಆಗಬೇಕು ಅನ್ನುವುದು ಅವರ ಮಾತಿನ ಸಾರ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ಎರಡನೆಯದು ‘ಪ್ರತಿ ಓದುಗನಿಗೂ ಅವನ ಪುಸ್ತಕ’, ಮೂರನೆಯದು ‘ಪ್ರತಿ ಪುಸ್ತಕಕ್ಕೂ ಅದರ ಓದುಗ’.

ಇವೆರಡೂ ಒಂದೇ ಅಂದುಕೊಂಡು ಉರು ಹೊಡೆಯಬೇಡಿ. ಎರಡನೆಯದು ಓದುಗನ ಕಡೆಯಿಂದ ಶುರುವಾಗುತ್ತದೆ: ಅವನು ಕೇಳಿದ್ದನ್ನು ಹುಡುಕಿಕೊಡಿ. ಮೂರನೆಯದು ರ್ಯಾಕಿನ ಕಡೆಯಿಂದ: ಯಾರೂ ಕೇಳದೆ ಕೂತಿರುವ ಪುಸ್ತಕಕ್ಕೆ ಓದುಗನನ್ನು ಹುಡುಕಿ. ಹೊಸ ಪುಸ್ತಕದ ಕೆಲಸವನ್ನು ಪತ್ರಿಕೆ, ಫೋನು, ಬಹುಮಾನ ಅರ್ಧ ಮಾಡಿಕೊಟ್ಟಿರುತ್ತವೆ. ಹಳೆಯದಕ್ಕೆ ಕೌಂಟರಿನಲ್ಲಿ ಕೂತವರ ಬಾಯಿಮಾತಿನ ಹೊರತು ಬೇರೆ ಜಾಹೀರಾತು ಇಲ್ಲ. ನನ್ನ ಪ್ರಕಾರ ಈ ಪಾಠದ ಜೀವ ಇರುವುದು ಮೂರನೇ ಸೂತ್ರದಲ್ಲೇ.

ಇನ್ನೊಂದು ಹೆಸರು ಅಮೆರಿಕದ ಗ್ರಂಥಪಾಲಕಿ ಜಾಯ್ಸ್ ಸ್ಯಾರಿಕ್ಸ್. ನ್ಯಾನ್ಸಿ ಬ್ರೌನ್ ಜೊತೆ 1989ರಲ್ಲಿ ಇವರು ತಂದ ಪುಸ್ತಕ ಈ ಪಾಠಕ್ಕೆ ಬುನಾದಿ. ಓದುಗನಿಗೆ ಹಿಡಿಸುವುದು ವಿಷಯ ಒಂದೇ ಅಲ್ಲ. ಕತೆಯ ಓಟ, ಪಾತ್ರಗಳು, ಕತೆಯ ಹಂದರ, ಅದು ನಡೆಯುವ ಜಾಗ ಮತ್ತು ವಾತಾವರಣ, ಇವೆಲ್ಲ ಸೇರಿರುತ್ತವೆ ಅಂತ ಅವರು ವಿಂಗಡಿಸಿದರು. ಸಿಯಾಟಲ್‌ನ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಇದನ್ನೇ ನಾಲ್ಕು ಬಾಗಿಲು ಅಂದರು: ಕತೆ, ಪಾತ್ರ, ಜಾಗ, ಭಾಷೆ. ಒಬ್ಬೊಬ್ಬರು ಒಂದೊಂದು ಬಾಗಿಲಿಂದ ಒಳಗೆ ಬರುತ್ತಾರೆ.

ಕೌಂಟರಿನ ಮಾತುಕತೆ

ಥಿಯರಿ ಕೆಲಸ ಮಾಡುವುದು ಹೇಗೆ ಅಂತ ನೋಡಲು ಒಂದು ಮಾತುಕತೆ ಕಟ್ಟಿಕೊಳ್ಳೋಣ. ಜುಲೈ ತಿಂಗಳು. ಶುಕ್ರವಾರ, ಮಡಿಕೇರಿ ಸಂತೆ. ಕೈಚೀಲ, ಕೊಡೆ ಹಿಡಿದ ಒಬ್ಬರು ಹಿರಿಯ ಹೆಂಗಸು ಒಳಗೆ ಬರುತ್ತಾರೆ.

“ಮೇಡಂ, ಯಾವುದಾದ್ರೂ ಒಳ್ಳೆ ಕಾದಂಬರಿ ಇದ್ರೆ ಕೊಡಿ.”

“ಈಚೆಗೆ ಓದಿದ್ರಲ್ಲಿ ಯಾವುದು ಹಿಡಿಸ್ತು ಆಂಟಿ?”

“ಹೆಸರು ನೆನಪಿಲ್ಲ. ಎಸ್ಟೇಟಿನ ಕತೆ. ಕಾಡು, ಮಳೆ ಎಲ್ಲ ಚೆನ್ನಾಗಿತ್ತು. ಕೊನೇಲಿ ಮಾತ್ರ ಎಲ್ರೂ ಸತ್ತೋದ್ರು.”

“ಓದೋಕೆ ತುಂಬ ದಿನ ಹಿಡೀತಾ?”

“ಇಲ್ಲ, ಬೇಗ ಮುಗೀತು. ಕರೆಂಟೇ ಇರ್ಲಿಲ್ವಲ್ಲ. ಅಕ್ಷರಾನೂ ದೊಡ್ಡದಿತ್ತು.”

ಗಮನಿಸಿ, ಗ್ರಂಥಪಾಲಕಿ ಇನ್ನೂ ಒಂದು ಪುಸ್ತಕದ ಹೆಸರನ್ನೂ ಎತ್ತಿಲ್ಲ. “ನಿಮಗೆ ಯಾವ ಥರದ ಪುಸ್ತಕ ಇಷ್ಟ?” ಅಂತಲೂ ಕೇಳಿಲ್ಲ. ಆ ಪ್ರಶ್ನೆಗೆ ಹೆಚ್ಚಿನವರು “ಏನಾದ್ರೂ ಆಗುತ್ತೆ” ಅಂತಾರೆ. ಓದಿದ ಒಂದು ಪುಸ್ತಕದ ಬಗ್ಗೆ ಕೇಳಿದರೆ ಮಾತ್ರ ಬಾಯಿ ಬಿಡುತ್ತಾರೆ. ಇವರ ಬಾಗಿಲು ಜಾಗ: ಕಾಡು, ಮಳೆ, ಎಸ್ಟೇಟು. ಗೋಳು ಬೇಡ. ಹಗಲು ಬೆಳಕಿನಲ್ಲಿ ಓದುತ್ತಾರೆ, ಅಕ್ಷರ ಸಣ್ಣದಾದರೆ ಕಷ್ಟ. ಈಗ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ತೆಗೆದುಕೊಡಬಹುದು. 1980ರ ಪುಸ್ತಕ. ಕಾಡು ಇದೆ, ಮಲೆನಾಡಿದೆ, ನಗುವೂ ಇದೆ. ಬರೆದವರೂ ಮೂಡಿಗೆರೆಯಲ್ಲಿ ಕಾಫಿ ಬೆಳೆದವರು. ಆದರೆ ದಪ್ಪಕ್ಷರದ ಮುದ್ರಣ ಇದೆಯಾ ಅಂತ ನೋಡಿಯೇ ಕೊಡಬೇಕು. ಸ್ಯಾರಿಕ್ಸ್ ಪಟ್ಟಿಯಲ್ಲಿ ಅಕ್ಷರದ ಗಾತ್ರ ಇಲ್ಲ. ನಮ್ಮ ಪಟ್ಟಿಯಲ್ಲಿ ಅದು ಮೇಲೆಯೇ ಇರಬೇಕು.

ಹೊಸದರ ಬೆನ್ನಿಗೆ ಹಳೆಯದು

ನನಗೆ ಅತಿ ಇಷ್ಟದ ಭಾಗ ಇದು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಮೊದಲ ಸಲ, ಸಣ್ಣಕತೆಗಳ ಸಂಕಲನಕ್ಕೂ ಮೊದಲ ಸಲ. ಲೇಖಕಿ ಪಕ್ಕದ ಹಾಸನದವರು. ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರು. ಅಂದಮೇಲೆ ಕೊಡಗಿನ ಯಾವ ಲೈಬ್ರರಿಗೆ ಹೋದರೂ ಜನ ಅದನ್ನು ಕೇಳದೆ ಬಿಡುತ್ತಾರಾ? ಪ್ರತಿ ಒಂದೇ ಇರುತ್ತದೆ, ಅದೂ ಹೊರಗೆ ಹೋಗಿರುತ್ತದೆ. “ಇಲ್ಲ” ಅಂದು ಸುಮ್ನಾದರೆ ಅಲ್ಲಿಗೆ ಮುಗಿಯಿತು.

ಆದರೆ ಈ ಪುಸ್ತಕ ಎಷ್ಟು ಹೊಸದು? ಅದರಲ್ಲಿರುವ 12 ಕತೆಗಳು 1990ರಿಂದ 2023ರವರೆಗೆ ಬರೆದವು. ಕನ್ನಡದ ಮೂಲ ಕತೆಗಳು ಬೇರೆ ಬೇರೆ ಸಂಕಲನಗಳಲ್ಲಿ ಆಗಲೇ ಬಂದಿವೆ. ಅವುಗಳಲ್ಲಿ ಒಂದೆರಡು ನಿಮ್ಮದೇ ರ್ಯಾಕಿನಲ್ಲಿ ಕೂತಿರಬಹುದು. ಕನ್ನಡ ಓದಬಲ್ಲವರಿಗೆ ಮೂಲವನ್ನೇ ಕೊಡಬಹುದಲ್ವಾ? ಕಾಯುವುದೇ ಬೇಡ.

ಇಲ್ಲಿ ವರ್ಗೀಕರಣದ ಪಾಠವನ್ನೂ ಜೋಡಿಸಿಕೊಳ್ಳಿ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಅನುವಾದವೂ ಮೂಲ ಭಾಷೆಯ ಸಂಖ್ಯೆಯಡಿಯೇ ಬರಬೇಕು. ಅಂದರೆ ಕಾಗದದ ಮೇಲೆ ‘ಹಾರ್ಟ್ ಲ್ಯಾಂಪ್’ ಮತ್ತು ಅದರ ಮೂಲ ಕತೆಗಳು ಅಕ್ಕಪಕ್ಕ. ನಿಜದಲ್ಲಿ ಹಲವು ಕಡೆ ಇಂಗ್ಲಿಷ್ ರ್ಯಾಕ್ ಒಂದು ಗೋಡೆಗೆ, ಕನ್ನಡ ರ್ಯಾಕ್ ಇನ್ನೊಂದು ಗೋಡೆಗೆ. ಓದುಗನಿಗೆ ಸಂಬಂಧ ಕಾಣುವುದೇ ಇಲ್ಲ. ಆಗ ನೀವೇ ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ಹೆಜ್ಜೆ ಹಿಂದೆ ಹೋಗೋಣ. ಇದೇ ದೀಪಾ ಭಾಸ್ತಿ ಕೊಡಗಿನ ಗೌರಮ್ಮನವರ ಕತೆಗಳನ್ನೂ ಇಂಗ್ಲಿಷಿಗೆ ತಂದಿದ್ದಾರೆ. ‘ಫೇಟ್ಸ್ ಗೇಮ್’ ಎಂಬ ಆ ಸಂಕಲನ ಬಂದದ್ದು 2023ರಲ್ಲಿ, ಬೂಕರ್‌ಗಿಂತ ಮೊದಲು. ಗೌರಮ್ಮ ಹುಟ್ಟಿದ್ದು 1912ರಲ್ಲಿ, ತೀರಿಕೊಂಡದ್ದು 1939ರಲ್ಲಿ. ವಿಧವೆಯರ ಪಾಡು, ಜಾತಿ ದಾಟಿದ ಪ್ರೀತಿ, ಮದುವೆಯೊಳಗಿನ ಅನ್ಯಾಯ, ಇವನ್ನೆಲ್ಲ ಆ ಕಾಲಕ್ಕೇ ಬರೆದರು. ‘ಕಂಬನಿ’, ‘ಚಿಗುರು’ ಅವರ ಸಂಕಲನಗಳು. ಬರೆಯುವಾಗ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಅಂತ ಸಹಿ ಹಾಕುತ್ತಿದ್ದರು. ಹಾಗಾಗಿ ಕ್ಯಾಟಲಾಗಿನಲ್ಲಿ ಒಂದೇ ಹೆಸರಿನಡಿ ಹುಡುಕಿ “ಇಲ್ಲ” ಅನ್ನಬೇಡಿ. ನಮೂದು ಮಾಡುವಾಗಲೂ ಎರಡೂ ಹೆಸರಿಂದ ಸಿಗುವ ಹಾಗೆ ಮಾಡಿ.

ಓದುಗರಿಗೆ ಇದನ್ನು ಹೇಳುವುದು ಹೇಗೆ? ಒಂದೆರಡು ವಾಕ್ಯ ಸಾಕು. “ಅದೇ ಅನುವಾದಕಿ ಮೆಚ್ಚಿ ಇಂಗ್ಲಿಷಿಗೆ ತಂದ ಇನ್ನೊಬ್ಬ ಲೇಖಕಿ, ನಮ್ಮ ಕೊಡಗಿನವರೇ. ಚಿಕ್ಕ ಚಿಕ್ಕ ಕತೆಗಳು, ಒಂದು ಓದಿ ನೋಡಿ.” ಇಷ್ಟೇ. ಗೌರಮ್ಮ 27 ವರ್ಷಕ್ಕೇ ನೀರಿನಲ್ಲಿ ಮುಳುಗಿ ತೀರಿಕೊಂಡರು ಅನ್ನುವುದನ್ನೇ ಮುಂದಿಟ್ಟು ಪುಸ್ತಕ ಕೊಡುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಕನಿಕರಕ್ಕೆ ತೆಗೆದುಕೊಂಡು ಹೋದ ಪುಸ್ತಕ ಓದದೆ ವಾಪಸ್ ಬರುತ್ತದೆ. ಪ್ರತಿ ಸಿಗದಿದ್ದರೆ ಒಂದು ಅನುಕೂಲ ನೆನಪಿಡಿ: ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆದಮೇಲೆ ಹಕ್ಕುಸ್ವಾಮ್ಯ ಇರುವುದಿಲ್ಲ. ಗೌರಮ್ಮನವರ ಮೂಲ ಕನ್ನಡ ಕತೆಗಳನ್ನು ಸ್ಕ್ಯಾನ್ ಮಾಡಿ ಹಂಚಿಕೊಳ್ಳಲು ಅಡ್ಡಿ ಇಲ್ಲ. 2023ರ ಇಂಗ್ಲಿಷ್ ಅನುವಾದಕ್ಕೆ ಇದು ಅನ್ವಯಿಸುವುದಿಲ್ಲ, ಹುಷಾರು.

ಜಗಳ ಹುಟ್ಟಿಸುವ ಪುಸ್ತಕ

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ 1956ರದ್ದು. ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂದದ್ದು ಈ ಕಾದಂಬರಿಗಾಗಿ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಕಾಲದ, ಕೊಡಗಿನ ಕೊನೆಯ ರಾಜನ ಕತೆ. ಬೇರೆ ಜಿಲ್ಲೆಯಲ್ಲಿ ಇದನ್ನು ಸುಮ್ನೆ ಕೊಟ್ಟು ಕಳಿಸಬಹುದು. ಇಲ್ಲಿ ಹಾಗಲ್ಲ. “ರಾಜ ನಿಜವಾಗ್ಲೂ ಹಾಗಿದ್ನಾ?” ಅಂತ ಒಬ್ಬರು ಕೇಳಿದರೆ, ಪಕ್ಕದಲ್ಲಿ ಪೇಪರ್ ಓದುತ್ತಿದ್ದವರು ತಲೆ ಎತ್ತುತ್ತಾರೆ. ಆಗ ನೀವು ತೀರ್ಪು ಕೊಡಬೇಕಾಗಿಲ್ಲ. ಕಾದಂಬರಿಯ ಜೊತೆಗೆ ಡಿ. ಎನ್. ಕೃಷ್ಣಯ್ಯನವರ ‘ಕೊಡಗಿನ ಇತಿಹಾಸ’ವನ್ನೂ ಮೇಜಿನ ಮೇಲೆ ಇಡಿ. ಒಂದು ಕತೆ, ಒಂದು ಚರಿತ್ರೆ. ಎರಡನ್ನೂ ಓದಿ ಅವರೇ ವಾದ ಮಾಡಿಕೊಳ್ಳಲಿ.

ಇನ್ನು 1924ರ ‘ಪಟ್ಟೋಲೆ ಪಳಮೆ’. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಪದ್ಧತಿಗಳನ್ನು ಸಂಗ್ರಹಿಸಿ ಕನ್ನಡ ಲಿಪಿಯಲ್ಲಿ ಕೊಟ್ಟ ಪುಸ್ತಕ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂದಾಗ, ಮದುವೆ ಕಾಲದಲ್ಲಿ ಹಾಡಿನ ಸಾಲು ಕೇಳಿಕೊಂಡು ಬರುವವರಿಗೆ ಇದು ಬೇಕು. ಬೆಂಗಳೂರಿನಲ್ಲಿ ಓದಿ ಬೆಳೆದ ಮೊಮ್ಮಗಳಿಗೆ ಕನ್ನಡ ಅಕ್ಷರ ಓದಲು ಕಷ್ಟವಾದರೆ 2003ರ ಇಂಗ್ಲಿಷ್ ಅನುವಾದ ಇದೆ. ಅದನ್ನು ಮಾಡಿದವರು ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ. ಅಜ್ಜನಿಗೆ ಮೂಲ, ಮೊಮ್ಮಗಳಿಗೆ ಅನುವಾದ. ಒಂದೇ ಮನೆಗೆ ಎರಡನ್ನೂ ಕಳಿಸಬಹುದು.

ಸೇನೆಯಿಂದ ನಿವೃತ್ತರಾದವರು ಇಲ್ಲಿ ಜಾಸ್ತಿ. ಅವರು ಬಂದ ಕೂಡಲೇ ಯುದ್ಧದ ಪುಸ್ತಕ ಕೈಗೆ ತುರುಕುವುದು ಸರಿಯಲ್ಲ. ಕೆಲವರಿಗೆ ಅದೇ ಬೇಕು. ಅವರಿಗೆ ಬ್ರಿಗೇಡಿಯರ್ ದಳವಿಯವರ ‘ಹಿಮಾಲಯನ್ ಬ್ಲಂಡರ್’ ರವಿ ಬೆಳಗೆರೆಯವರ ಕನ್ನಡದಲ್ಲೂ ಇದೆ. ಇನ್ನು ಕೆಲವರಿಗೆ ಕಾಳು ಮೆಣಸಿನ ರೋಗದ ಪುಸ್ತಕ ಸಾಕು. ಕೇಳಿ ಕೊಡಿ.

ಹಳೆ ಪುಸ್ತಕದ ಮೈ

ಇದು ಯಾವ ಪಠ್ಯದಲ್ಲೂ ಈ ಪಾಠದಡಿ ಬರುವುದಿಲ್ಲ, ಸಂರಕ್ಷಣೆ ಅಂತ ಬೇರೆ ಪಾಠದಲ್ಲಿ ಹಾಕುತ್ತಾರೆ. ಕೊಡಗಿನಲ್ಲಿ ಎರಡೂ ಒಂದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ಕೆಳಗಿನ ರ್ಯಾಕಿನ ಪುಸ್ತಕದ ರಟ್ಟು ಉಬ್ಬುತ್ತದೆ, ಬೆನ್ನಿನ ಅಂಟು ಬಿಡುತ್ತದೆ, ಬಟ್ಟೆ ಬೈಂಡಿಂಗ್ ಮೇಲೆ ಬಿಳಿ ಬೂಷ್ಟು ಬರುತ್ತದೆ. ಬೈಂಡಿಂಗ್ ಆದ ಹಳೆ ಪುಸ್ತಕಗಳೆಲ್ಲ ಒಂದೇ ಬಣ್ಣ, ಬೆನ್ನಿನ ಮೇಲಿನ ಹೆಸರೂ ಮಾಸಿರುತ್ತದೆ. ಅದನ್ನು ತೆಗೆದು “ತುಂಬ ಒಳ್ಳೆ ಪುಸ್ತಕ” ಅಂದರೆ ಓದುಗ ಮೂಗು ಮುಚ್ಚಿಕೊಳ್ಳುತ್ತಾನೆ. ತಪ್ಪು ಅವನದಲ್ಲ. ಅಲರ್ಜಿ ಇರುವವರಿಗೆ ಅದನ್ನು ಕೊಡಲೇಬಾರದು. ಉಳಿದವರಿಗೂ ಒಣಬಟ್ಟೆಯಲ್ಲಿ ಒರೆಸಿ, ಪುಟ ಬಿಡಿಸಿ ನೋಡಿ ಕೊಡಿ.

ಹಿಂದಿನ ಪುಟದ ಡ್ಯೂ ಸ್ಲಿಪ್, ಅಂದರೆ ವಾಪಸ್ ಕೊಡಬೇಕಾದ ತಾರೀಖಿನ ಮೊಹರು ಹಾಕುವ ಚೀಟಿ, ನೋಡುವ ಅಭ್ಯಾಸ ಮಾಡಿಕೊಳ್ಳಿ. ಕೊನೆಯ ಮೊಹರು ಹತ್ತು ವರ್ಷ ಹಿಂದಿನದಾದರೆ ಅದನ್ನು ತೆಗೆದುಹಾಕುವ ಪಟ್ಟಿಗೆ ಸೇರಿಸುವ ಮುಂಚೆ ಒಂದು ಮಳೆಗಾಲ ‘ಹೊಸದಾಗಿ ಬಂದವು’ ರ್ಯಾಕಿನ ಪಕ್ಕದಲ್ಲೇ ಮುಖ ಕಾಣುವ ಹಾಗೆ ನಿಲ್ಲಿಸಿ. ಜನ ಹೊಸದನ್ನು ನೋಡಲು ಬಂದೇ ಬರುತ್ತಾರೆ. ನವೆಂಬರ್ 14ರಿಂದ 20ರ ಗ್ರಂಥಾಲಯ ಸಪ್ತಾಹದಲ್ಲಿ ಮೇಜು ಹಾಕಿ ಪ್ರದರ್ಶನ ಮಾಡುವಾಗಲೂ ಹೊಳೆಯುವ ರಟ್ಟಿನವನ್ನೇ ಜೋಡಿಸಬೇಡಿ. ಒಂದು ಹೊಸದು, ಅದರ ಪಕ್ಕ ಅದಕ್ಕೆ ನಂಟಿರುವ ಒಂದು ಹಳೆಯದು.

ಹಿಡಿಸದಿದ್ದರೆ

ಸೂಚಿಸಿದ್ದೆಲ್ಲ ಹಿಡಿಸುವುದಿಲ್ಲ. ನ್ಯಾನ್ಸಿ ಪರ್ಲ್ ಒಂದು ಲೆಕ್ಕ ಕೊಟ್ಟಿದ್ದಾರೆ: ಯಾವ ಪುಸ್ತಕಕ್ಕೂ 50 ಪುಟದ ಅವಕಾಶ ಕೊಡಿ, ಹಿಡಿಸದಿದ್ದರೆ ಬಿಡಿ. ವಯಸ್ಸು 50 ದಾಟಿದವರು 100ರಿಂದ ತಮ್ಮ ವಯಸ್ಸು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. 70 ವರ್ಷದವರಿಗೆ 30 ಪುಟ. ಇದನ್ನು ಕೌಂಟರಿನಲ್ಲಿ ಹೇಳಿ ನೋಡಿ, ಹಿರಿಯರಿಗೆ ಖುಷಿಯಾಗುತ್ತದೆ. ಪೂರ್ತಿ ಓದದೆ ವಾಪಸ್ ತಂದವರಿಗೆ ಸಂಕೋಚ ಇರುತ್ತದೆ. ಆ ಸಂಕೋಚ ಕಳೆದರೆ ಎಲ್ಲಿ ಬೇಸರ ಬಂತು ಅಂತ ಹೇಳುತ್ತಾರೆ. ಮುಂದಿನ ಸೂಚನೆಗೆ ಅದೇ ಮಾಹಿತಿ.

ಈ ಮಾಹಿತಿಗೆ ಒಂದು ನೋಟ್‌ಬುಕ್ ಇಡಿ. ಆದರೆ ಅದರಲ್ಲಿ ಪುಸ್ತಕದ ಹೆಸರು ಬರೆಯಿರಿ, ಓದುಗರ ಹೆಸರು ಬೇಡ. ‘ಕರ್ವಾಲೊ ಹಿಡಿಸಿದವರಿಗೆ ಇದೂ ಹಿಡಿಸಿತು’ ಅನ್ನುವಷ್ಟು ಸಾಕು. ನಮ್ಮದು ಎಲ್ಲರಿಗೂ ಎಲ್ಲರ ಪರಿಚಯ ಇರುವ ಊರು. “ಅವರ ಮಗಳು ಏನು ಓದ್ತಾಳೆ?” ಅಂತ ಕೇಳುವವರು ಇದ್ದೇ ಇದ್ದಾರೆ. ಪುಸ್ತಕ ಎರವಲು ಕೊಡುವ ಹಳೆಯ ಬ್ರೌನ್ ಪದ್ಧತಿಯಲ್ಲಿ ಪುಸ್ತಕದ ಕಾರ್ಡನ್ನು ಓದುಗರ ಟಿಕೆಟ್ಟಿನೊಳಗೆ ಸೇರಿಸಿ ಕೌಂಟರಿನಲ್ಲಿ ಇಡುತ್ತಿದ್ದರು. ಪುಸ್ತಕ ವಾಪಸ್ ಬಂದ ಕೂಡಲೇ ಬುಕ್ ಕಾರ್ಡು ಪುಸ್ತಕದೊಳಗೆ, ಓದುಗರ ಟಿಕೆಟ್ಟು ಅವರ ಕೈಗೆ. ಯಾರು ಏನು ಓದಿದರು ಅನ್ನುವ ದಾಖಲೆಯೇ ಉಳಿಯುತ್ತಿರಲಿಲ್ಲ. ಕಂಪ್ಯೂಟರ್ ಸಾಫ್ಟ್‌ವೇರಿನಲ್ಲಿ ಎಲ್ಲ ಉಳಿಯಬಹುದು. ಹಾಗಾಗಿ ಕೌಂಟರಿನ ಸ್ಕ್ರೀನ್ ಹೊರಗೆ ನಿಂತವರ ಕಡೆಗೆ ತಿರುಗಿರದಂತೆ ನೋಡಿಕೊಳ್ಳಿ.